ನಿಮ್ಮ ಹೆಸರು ಬರೆದು ಕಳಿಸಿ

ನಮ್ಮ ಕನ್ನಡ ಸಂಘದ ಪತ್ರಿಕೆಯ ದೀಪಾವಳಿ ಸಂಚಿಕೆ ಇವತ್ತು ರಾತ್ರಿ ಹನ್ನೆರಡರೊಳಗೆ ಮುದ್ರಣಕ್ಕೆ ಹೋಗಬೇಕು. ಈಗ ಹತ್ತೂವರೆ. ಸಂಪಾದಕೀಯದ ಪುಟ ಮಾತ್ರ ಖಾಲಿ ಇದೆ. ಎಣ್ಣೆಸ್ನಾನ, ಹಂಡೆ, ಕಜ್ಜಾಯ ಅಂತ ಬರೆಯೋಣ ಎಂದೇ ಕೂತಿದ್ದೆ. ಆದರೆ ಮೊನ್ನೆ ಮಗಳು ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

"ಅಮ್ಮ, ಈ ಕಥೆಯಲ್ಲಿ ಕೆಲಸದ ಆಳುಗಳಿಗೆಲ್ಲ ಹೆಸರಿದೆ. ಈ ಹೆಂಗಸಿಗೆ ಯಾಕಿಲ್ಲ?"

ಒಂಬತ್ತನೇ ಕ್ಲಾಸಿಗೆ ಅವರು ಓದುತ್ತಿರುವುದು ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ಕಾದಂಬರಿ 'ಆಫ್ ಮೈಸ್ ಅಂಡ್ ಮೆನ್'. ನಮ್ಮಲ್ಲಿ ಬಹಳ ಜನರ ಮಕ್ಕಳು ಓದಿರುತ್ತಾರೆ. ಕಥೆ ನಡೆಯುವುದು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಪಕ್ಕದಲ್ಲಿ. 101 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಸಲೀನಸ್ ದಾಟಿದರೆ ಎರಡೂ ಕಡೆ ಲೆಟಿಸ್ ಹೊಲ, ಆಮೇಲೆ ಸೊಲೆಡಾಡ್ ಅಂತ ಬೋರ್ಡು ಬರುತ್ತೆ. ಲಾಸ್ ಏಂಜಲಿಸ್‌ಗೆ ಹೋಗುವಾಗ ಎಷ್ಟು ಸಲ ಅಲ್ಲಿ ಪೆಟ್ರೋಲ್ ಹಾಕಿಸಿಲ್ಲ ನಾವು! ಸ್ಪ್ಯಾನಿಷ್‌ನಲ್ಲಿ ಆ ಹೆಸರಿನ ಅರ್ಥ ಒಂಟಿತನ ಅಂತ ನನಗೆ ಮಗಳು ಹೇಳಿದ ಮೇಲೆಯೇ ಗೊತ್ತಾಗಿದ್ದು.

ಜಾರ್ಜ್ ಮತ್ತು ಲೆನ್ನಿ ಊರಿಂದೂರಿಗೆ ಕೂಲಿಗೆ ಅಲೆಯುವ ಇಬ್ಬರು ಗೆಳೆಯರು. ತಿಂಗಳಿಗೆ 50 ಡಾಲರ್ ಸಂಬಳ. ಸ್ವಂತಕ್ಕೆ ಒಂಚೂರು ಜಮೀನು ತಗೊಳ್ಳಬೇಕು, ಮೊಲ ಸಾಕಬೇಕು, ಯಾರ ಮಾತೂ ಕೇಳದೆ ಬದುಕಬೇಕು ಅನ್ನುವ ಕನಸು. ಜಮೀನಿನ ಬೆಲೆ 600 ಡಾಲರ್. ಕೈ ಕಳೆದುಕೊಂಡ ಮುದುಕ ಕ್ಯಾಂಡಿ 350 ಡಾಲರ್ ಕೊಡುತ್ತೇನೆ ಅನ್ನುತ್ತಾನೆ, ನನ್ನನ್ನೂ ಸೇರಿಸಿಕೊಳ್ಳಿ ಅಂತ. ಊರಲ್ಲಿ ಎರಡು ಎಕರೆ ತೋಟ ಮಾಡುವ ಮಾತು ನಮ್ಮ ಯಾರ ಮನೆಯಲ್ಲಿ ನಡೆದಿಲ್ಲ ಹೇಳಿ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಆ ಹೆಂಗಸಿನ ಬಗ್ಗೆ.

ಅವಳು ಇವರು ಕೂಲಿಗೆ ಸೇರಿದ ಜಮೀನಿನ ಯಜಮಾನನ ಮಗ ಕರ್ಲಿಯ ಹೆಂಡತಿ. ಪುಸ್ತಕದ ಉದ್ದಕ್ಕೂ 'ಕರ್ಲಿಯ ಹೆಂಡತಿ' ಅಷ್ಟೇ. ಯಜಮಾನನಿಗೂ ಹೆಸರಿಲ್ಲ, ನಿಜ. ಆದರೆ ಅವನು 'ಬಾಸ್', ಅದು ಅವನದೇ ಸ್ವಂತದ ಗುರುತು. ಇನ್ನೊಬ್ಬ ಆಳು ಸ್ಲಿಮ್‌ನ ನಾಯಿಗೆ ಕೂಡ ಲುಲು ಅಂತ ಹೆಸರಿದೆ. ಮದುವೆಯಾಗಿ ಎರಡು ವಾರದ ಹುಡುಗಿಗೆ ಇಲ್ಲ. ಅವಳು ಬಾಗಿಲಲ್ಲಿ ನಿಂತರೆ ಎಲ್ಲರೂ ತೊಲಗಿದರೆ ಸಾಕು ಅಂತ ನೋಡುತ್ತಾರೆ. ಅವಳಿಗೂ ಒಂದು ಕನಸಿತ್ತು. ಸಿನಿಮಾಕ್ಕೆ ಸೇರಿಸುತ್ತೇನೆ, ಕಾಗದ ಬರೆಯುತ್ತೇನೆ ಅಂತ ಒಬ್ಬ ಹೇಳಿ ಹೋಗಿದ್ದ. ಕಾಗದ ಬರಲೇ ಇಲ್ಲ. ಅಮ್ಮನೇ ಬಚ್ಚಿಟ್ಟಿರಬೇಕು ಅಂತ ಅವಳ ಅನುಮಾನ. ಭಾನುವಾರ ಮಧ್ಯಾಹ್ನ ಹುಲ್ಲಿನ ಕೊಟ್ಟಿಗೆಯಲ್ಲಿ ಇದನ್ನೆಲ್ಲ ಲೆನ್ನಿಗೆ ಹೇಳಿಕೊಳ್ಳುತ್ತಾಳೆ. ಲೆನ್ನಿಗೆ ಮೊಲದ್ದೇ ಧ್ಯಾನ. ಅವಳು ಸಿನಿಮಾ ಅನ್ನುತ್ತಾಳೆ, ಅವನು ಮೊಲ ಅನ್ನುತ್ತಾನೆ. ಒಬ್ಬರ ಮಾತು ಒಬ್ಬರ ಕಿವಿಗೆ ಬೀಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಸತ್ತಿರುತ್ತಾಳೆ. ಕಥೆ ನಾಟಕವಾದಾಗ ಆ ಪಾತ್ರ ಮಾಡಿದ ನಟಿ ಕ್ಲೇರ್ ಲೂಸ್‌ಗೆ ಸ್ಟೈನ್‌ಬೆಕ್ ಪತ್ರ ಬರೆದು, ಅವಳು ಕೆಟ್ಟವಳಲ್ಲ, ಅವಳನ್ನು ಯಾವ ಗಂಡಸೂ ಒಬ್ಬ ಮನುಷ್ಯಳು ಅಂತ ನೋಡಿಯೇ ಇಲ್ಲ ಎಂಬರ್ಥದಲ್ಲಿ ವಿವರಿಸಿದ್ದರು. ಆ ಮಾತನ್ನು ಕಾದಂಬರಿಯೊಳಗೇ ಇನ್ನಷ್ಟು ಜೋರಾಗಿ ಹೇಳಬಹುದಿತ್ತು ಅಂತ ನನಗೆ ಅನಿಸುತ್ತೆ.

ಮಗಳಿಗೆ ಏನು ಉತ್ತರ ಕೊಡಲಿ? ನಾನೂ ಮೂರು ವರ್ಷ ಹೆಸರಿಲ್ಲದೆ ಇದ್ದವಳು.

1999ರ ಡಿಸೆಂಬರ್. ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟು. ಗಂಡನಿಗೆ ಕೆಲಸದ ವೀಸಾ ಎಚ್-1ಬಿ, ನನಗೆ ಅವರ ಹೆಂಡತಿ ಅಂತ ಎಚ್-4. ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರದು, ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡರೆ ರಾತ್ರಿ ಎಂಟರವರೆಗೆ ಮನುಷ್ಯರ ದನಿ ಇಲ್ಲ. ಅಂಚೆಪೆಟ್ಟಿಗೆ ಮೇಲೆ ಗಂಡನ ಹೆಸರು. ಫೋನ್ ಬಿಲ್ಲಿನ ಮೇಲೆ ಅವರದೇ. ಪಾರ್ಟಿಗೆ ಹೋದರೆ 'ಇವರ ಮಿಸೆಸ್'. ಒಂದು ಮಧ್ಯಾಹ್ನ ಬಟ್ಟೆ ಒಗೆಯಲು ಕೆಳಗೆ ಹೋದೆ. ಲಾಂಡ್ರಿ ಕೋಣೆಯ ಮಷೀನಿನಲ್ಲಿ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಸಿಕ್ಕಿಹಾಕಿಕೊಂಡಿತು. ಅದೇ ಕೊನೆಯದು. "ಅಯ್ಯೋ, ಹಾಳಾದ್ದು!" ಅಂದೆ. ಹಿಂದಿನಿಂದ ಒಂದು ದನಿ: "ಇನ್ನೊಂದ್ಸಲ ಗುದ್ದಿ, ಬೀಳುತ್ತೆ."

ತಿರುಗಿ ನೋಡಿದರೆ ಬಕೆಟ್ ಹಿಡಿದುಕೊಂಡು ಅವಳು. ಒಂದೇ ಕಟ್ಟಡದಲ್ಲಿ ಎರಡು ತಿಂಗಳಿಂದ ಇದ್ದೆವು, ಎದುರು ಸಿಕ್ಕಾಗ ನಕ್ಕಿದ್ದೆವು, ಇಬ್ಬರೂ ಕನ್ನಡದವರು ಅಂತ ಗೊತ್ತಿರಲಿಲ್ಲ. ಅವತ್ತು ಬಟ್ಟೆ ಒಣಗಿ ತಣ್ಣಗಾದರೂ ನಾವು ಅಲ್ಲಿಂದ ಏಳಲಿಲ್ಲ. ಅವಳು ಮೊದಲು ಕೇಳಿದ್ದು "ನಿಮ್ಮ ಯಜಮಾನರು ಎಲ್ಲಿ ಕೆಲಸ?" ಅಂತ ಅಲ್ಲ. "ನಿಮ್ಮ ಹೆಸರೇನು?" ಅಂತ.

ಆಮೇಲೆ ದಿನಾ ಎರಡು ಗಂಟೆಗೆ ಅಲ್ಲೇ. ಒಗೆಯಲು ಬಟ್ಟೆ ಇಲ್ಲದಿದ್ದರೂ ಒಂದು ಟವೆಲ್ ಹಿಡಿದು ಇಳಿಯುತ್ತಿದ್ದೆ. ಅವಳು ಅರಸೀಕೆರೆಯವಳು. ಬಿ.ಎಡ್. ಮಾಡಿ ಎರಡು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ್ದವಳು. ವಾಪಸ್ ಹೋಗಿ ಒಂದು ಶಿಶುವಿಹಾರ ತೆಗೆಯಬೇಕು ಅನ್ನುವುದು ಅವಳ ಆಸೆ. ಅಪ್ಪನ ಮನೆ ಹಿತ್ತಲಿನ ಹುಣಸೆಮರದ ಕೆಳಗೆ. ಬೆಂಚು ಬೇಡ, ಚಾಪೆ. ಮಣ್ಣಿನ ಹೂಜಿಯಲ್ಲಿ ನೀರು. ಮಗ್ಗಿಯನ್ನು ಹಾಡಿನ ಹಾಗೆ ಹೇಳಿಸಬೇಕು. ಡ್ರೈಯರ್ ಗುಡುಗುಡು ಅನ್ನುತ್ತಿರುವಾಗ ಅದರ ಮೇಲೆ ಬೆರಳಿನಿಂದ ಗೀಚಿ ಬಾಗಿಲು ಎಲ್ಲಿ, ಜೋಕಾಲಿ ಎಲ್ಲಿ ಅಂತ ತೋರಿಸುತ್ತಿದ್ದಳು. "ನನಗೇನು ಕೆಲಸ ಅಲ್ಲಿ?" ಅಂತ ದಿನಾ ಕೇಳುತ್ತಿದ್ದೆ. ಉತ್ತರ ಗೊತ್ತಿತ್ತು, ಆದರೂ ಕೇಳಬೇಕು. "ನೀನು ಹಾಡು ಹೇಳಿಕೊಡು, ಆಮೇಲೆ ಅಳುವ ಮಕ್ಕಳನ್ನೆಲ್ಲ ಎತ್ತಿಕೋ." ಜಾರ್ಜ್‌ನ ಬಾಯಿಂದ ಮೊಲದ ಕಥೆಯನ್ನು ಲೆನ್ನಿ ಮತ್ತೆ ಮತ್ತೆ ಹೇಳಿಸುವ ಪುಟ ಓದುವಾಗ ನನಗೆ ಆ ಡ್ರೈಯರಿನ ಬಿಸಿ ಅಂಗೈಗೆ ತಾಗಿದ ಹಾಗಾಯಿತು.

2001ರಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಮುಚ್ಚಿದವಲ್ಲ, ಅವಳ ಗಂಡನ ಕೆಲಸವೂ ಹೋಯಿತು. ಎರಡು ವಾರದಲ್ಲಿ ಹೊರಟರು. ಹೋಗುವ ದಿನ ಫಿಲ್ಮ್ ರೋಲಿನ ಕರಿ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು. ಒಳಗೆ ಉಳಿದ ಕ್ವಾರ್ಟರುಗಳು, ಏಳು. ಖರ್ಚು ಮಾಡಿಲ್ಲ. ಒಂದೆರಡು ವರ್ಷ ಫೋನು ಇತ್ತು, ಆಮೇಲೆ ನಂಬರು ಬದಲಾಯಿತು. ಶಿಶುವಿಹಾರ ಆಗಲಿಲ್ಲ ಅಂತ ಕೊನೆಯ ಸಲ ಮಾತಾಡಿದಾಗ ಹೇಳಿದ್ದಳು. ಹಿತ್ತಲು ಮಾರಾಟವಾಗಿತ್ತು.

ಈ ಸಂಚಿಕೆಯನ್ನು ಅವಳಿಗೆ ಕಳಿಸೋಣ ಅಂತ ಮೊನ್ನೆ ರಾತ್ರಿ ನಮ್ಮ ಸಂಘದ ಹಳೆಯ ಪಟ್ಟಿಗಳನ್ನೆಲ್ಲ ತೆಗೆದು ಹುಡುಕಿದೆ. ಅವರು ಸದಸ್ಯರಾಗಿದ್ದರು. ಪಟ್ಟಿಯಲ್ಲಿ ಇರುವುದು ಗಂಡನ ಹೆಸರು, ಪಕ್ಕದಲ್ಲಿ 'ಮತ್ತು ಕುಟುಂಬ'. ಅವಳಿಲ್ಲ. ನನ್ನನ್ನು ಹುಡುಕಿದೆ. ನಾನೂ ಇಲ್ಲ. ಆ ವರ್ಷ ಯುಗಾದಿಗೆ ನಾವಿಬ್ಬರೂ 80 ಜನಕ್ಕೆ ಒಬ್ಬಟ್ಟು ತಟ್ಟಿದ್ದೆವು.

ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಮೊದಲಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಬರೆದರು. ಬರೆದ ಹಾಗೆ ನಡೆದುಕೊಂಡರು ಕೂಡ. ಜೀತದಾಳು ಗುತ್ತಿಯ ಹಿಂದೆ ಓಡುವ ನಾಯಿ ಹುಲಿಯನನ್ನು ಓದಿದವರು ಮರೆಯಲು ಆಗುತ್ತಾ? ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಪ್ರತಿ ವರ್ಷ ಆ ಮಾತು ಹೇಳುತ್ತೇವೆ. ನಮ್ಮ ಪಟ್ಟಿ ಮಾತ್ರ ಇವತ್ತಿಗೂ 'ಮತ್ತು ಕುಟುಂಬ'. 2015ರಿಂದ ಎಚ್-4ನಲ್ಲಿರುವ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದೆ, ನಮ್ಮ ಸದಸ್ಯತ್ವದ ಫಾರ್ಮ್ ಬದಲಾಗಿರಲಿಲ್ಲ. ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮಂದಿರು ನಮ್ಮ ಊಟದ ಲೆಕ್ಕದಲ್ಲಿ 'ಅತಿಥಿ 2'. ಅವರೂ ಹಗಲೆಲ್ಲ ಕಿಟಕಿ ಹತ್ತಿರ ಕೂತಿರುತ್ತಾರೆ, ಅಲ್ವಾ?

ಹಾಗಾಗಿ ಹೊಸ ಫಾರ್ಮ್ ಮಾಡಿದ್ದೇವೆ. ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಸಾಲು. ಸುಮಾರು 300 ಮನೆಗಳ ವಿವರ ಮತ್ತೆ ಟೈಪ್ ಮಾಡಬೇಕು. ನಾನೊಬ್ಬಳೇ ಇದ್ದೇನೆ, ಕಣ್ಣು ಎಳೆಯುತ್ತಿದೆ. ಕನ್ನಡ ಟೈಪಿಂಗ್ ಬರುವ ಇಬ್ಬರು ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು, ದಯವಿಟ್ಟು ಬನ್ನಿ. ಬುಧವಾರ ಮಧ್ಯಾಹ್ನ ಎರಡಕ್ಕೆ ಹಗಲು ಮನೆಯಲ್ಲೇ ಇರುವವರ ಕಾಫಿ ಕೂಟ ಶುರು ಮಾಡುವ ಆಸೆ ಇದೆ. ಕಾರಿಲ್ಲದವರನ್ನು ಕರೆತರಲು ಯಾರಾದರೂ ಒಪ್ಪಿದರೆ ಮುಂದಿನ ವಾರವೇ.

ಉಳಿದ ವಿಷಯ ಬೇಗ ಬೇಗ: ದೀಪಾವಳಿ-ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ನಾಲ್ಕು ಗಂಟೆಗೆ ಶುರು, ಊಟ ಏಳಕ್ಕೆ. ಮಕ್ಕಳ ನಾಟಕದ ತಾಲೀಮು ಭಾನುವಾರ ಹತ್ತಕ್ಕೆ, ತಡ ಮಾಡಬೇಡಿ. ಕನ್ನಡ ಶಾಲೆಗೆ ಇನ್ನೂ ಸೇರಬಹುದು. ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಆರು ಜನ ಬೇಕು, ಮೆಟ್ಟುಗತ್ತಿ ಇದ್ದವರು ತನ್ನಿ.

ಅರಸೀಕೆರೆ ಕಡೆ ಯಾರಿಗಾದರೂ 2001ರಲ್ಲಿ ಇಲ್ಲಿಂದ ಹೋದ ಲೆಕ್ಕದ ಮೇಡಂ ಒಬ್ಬರು ಗೊತ್ತಿದ್ದರೆ ನನಗೆ ತಿಳಿಸಿ. ಅವಳ ಹೆಸರು ನನಗೆ ಗೊತ್ತು, ಅವಳನ್ನು ಕೇಳದೆ ಇಲ್ಲಿ ಅಚ್ಚು ಹಾಕಲಾರೆ.

ಫಾರ್ಮ್ ಕೊನೆಯ ಪುಟದಲ್ಲಿದೆ. ಗುರುವಾರದೊಳಗೆ ಕಳಿಸಿ. ಅಂಚೆಪೆಟ್ಟಿಗೆ ಮೇಲಿನ ಹೆಸರು ನಮ್ಮ ಹತ್ತಿರ ಇದೆ, ನಿಮ್ಮದು ಬರೆಯಿರಿ.