ಪೆಡಲ್ ಕಟ್ಟುವವರು ಪವರ್ ಮತ್ತು ಸ್ವಿಚ್ಚನ್ನು ಕಡೆಗಣಿಸದಿರಲಿ

ಮಾನ್ಯ ಸಂಪಾದಕರೇ,

ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು ನಾದವನ್ನು ಬದಲಿಸುವ ಪೆಟ್ಟಿಗೆಗಳಾದ, ಎಲೆಕ್ಟ್ರಿಕ್ ಗಿಟಾರಿನ ಎಫೆಕ್ಟ್ ಪೆಡಲ್‌ಗಳನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸದ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಅಚ್ಚಾಗುವುದೇ ಅಪರೂಪವಾದ್ದರಿಂದ ಲೇಖಕರಿಗೂ ತಮಗೂ ಕೃತಜ್ಞನಾಗಿದ್ದೇನೆ. ಆದರೆ ನಾದದ ಬಣ್ಣ ಬದಲಿಸುವ ಸರ್ಕ್ಯೂಟಿಗೆ ಪುಟ ತುಂಬ ಜಾಗ ಕೊಟ್ಟ ಆ ಲೇಖನ, ಪೆಡಲಿಗೆ ಪವರ್ ಹೇಗೆ ಬರಬೇಕು, ಸಿಗ್ನಲ್ಲನ್ನು ಪೆಡಲಿನ ಸರ್ಕ್ಯೂಟಿನಿಂದ ತಪ್ಪಿಸಿ ನೇರವಾಗಿ ಕಳಿಸಲು ಕಾಲಿನಿಂದ ಒತ್ತುವ ಬೈಪಾಸ್ ಸ್ವಿಚ್ ಒಳಗೆ ಏನು ಮಾಡಬೇಕು ಎಂಬುದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಹಲವು ವರ್ಷಗಳಿಂದ ಪೆಡಲ್‌ಗಳನ್ನು ಕಟ್ಟುತ್ತ, ಕೆಟ್ಟವನ್ನು ರಿಪೇರಿ ಮಾಡುತ್ತ ಬಂದ ನನ್ನ ಅನುಭವದಲ್ಲಿ, ಮನೆಯಲ್ಲಿ ಕಟ್ಟಿದ ಪೆಡಲ್ ಕೈಕೊಡುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲೇ.

ಇಂದಿನ ಬಹುಪಾಲು ಪೆಡಲ್‌ಗಳು 9 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಅಡಾಪ್ಟರ್ ಪಿನ್ನಿನ ನಡುಭಾಗ ನೆಗೆಟಿವ್, ಹೊರಸುತ್ತು ಪಾಸಿಟಿವ್. ಆದರೆ ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಳಸುವ ಹಳೆಯ ಮಾದರಿಯ, ನಾದವನ್ನು ಒರಟಾಗಿಸುವ ಫಝ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಪಾಸಿಟಿವ್ ತುದಿಯೇ ಗ್ರೌಂಡ್ ಆಗಿರುತ್ತದೆ. ಇಂಥ ಪೆಡಲನ್ನೂ ಸಾಮಾನ್ಯ ಪೆಡಲನ್ನೂ ಒಂದೇ ಅಡಾಪ್ಟರಿಗೆ ಸೇರಿಸಿದರೆ, ಎರಡರ ಗ್ರೌಂಡನ್ನು ಗಿಟಾರ್ ಕೇಬಲ್ಲಿನ ಹೊರಜಾಲರಿ ಒಂದಾಗಿಸುವುದರಿಂದ, ಅಡಾಪ್ಟರಿನ ಎರಡೂ ತುದಿಗಳು ನೇರವಾಗಿ ಕೂಡಿ ಶಾರ್ಟ್ ಆಗುತ್ತದೆ. ನನ್ನ ಬಳಿ ಕಲಿಯುತ್ತಿದ್ದ ಹುಡುಗನೊಬ್ಬ ತಾನೇ ಕಟ್ಟಿದ ಫಝ್ ಪೆಡಲನ್ನು ಕಾರ್ಯಕ್ರಮದ ದಿನ ಹೀಗೆ ಜೋಡಿಸಿದ. ಕೊನೆಯ ಕೇಬಲ್ ಚುಚ್ಚಿದ ಕ್ಷಣಕ್ಕೆ ಐದೂ ಪೆಡಲ್‌ಗಳ ದೀಪ ಆರಿತು. ಅವನ ಬೆಸುಗೆಯಲ್ಲಾಗಲಿ ಟ್ರಾನ್ಸಿಸ್ಟರಿನಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಅವನು ನೋಡಿ ಕಟ್ಟಿದ ಚಿತ್ರದಲ್ಲಿ ಈ ಎಚ್ಚರಿಕೆಯ ಒಂದು ಮಾತೂ ಇರಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಇದಕ್ಕೆ ಪರಿಹಾರ ಪೆಡಲಿನೊಳಗೇ ಕೂರುವ ಒಂದು ಸಣ್ಣ ಪವರ್ ಕನ್ವರ್ಟರ್. ಎಂಟು ಕಾಲಿನ ಚಾರ್ಜ್ ಪಂಪ್ ಐಸಿ (ಚಿಪ್) ಒಂದು ಕೆಪಾಸಿಟರನ್ನು (ಚಾರ್ಜು ಹಿಡಿದಿಡುವ ಭಾಗವನ್ನು) 9 ವೋಲ್ಟಿಗೆ ತುಂಬಿಸಿ, ಮರುಕ್ಷಣ ಅದರ ಪಾಸಿಟಿವ್ ತುದಿಯನ್ನು ಗ್ರೌಂಡಿಗೆ ಜೋಡಿಸುತ್ತದೆ. ಆಗ ಇನ್ನೊಂದು ತುದಿ ಗ್ರೌಂಡಿಗಿಂತ 9 ವೋಲ್ಟ್ ಕೆಳಗಿಳಿಯುತ್ತದೆ, ಆ ಚಾರ್ಜು ಎರಡನೆಯ ಕೆಪಾಸಿಟರಿನಲ್ಲಿ ಸಂಗ್ರಹವಾಗುತ್ತದೆ. ಐಸಿಯ ಜೊತೆಗೆ 10 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳಿದ್ದರೆ ಮೈನಸ್ 9 ವೋಲ್ಟ್ ಸಿದ್ಧ, ಮತ್ತು ಫಝ್ ಪೆಡಲ್ ಉಳಿದವುಗಳೊಡನೆ ಒಂದೇ ಅಡಾಪ್ಟರಿನಲ್ಲಿ ನಿಶ್ಚಿಂತೆಯಿಂದ ನಡೆಯುತ್ತದೆ.

ಆದರೆ ಇಲ್ಲಿ ಎರಡು ಎಡವಟ್ಟುಗಳುಂಟು. ಹೆಚ್ಚಿನ ಚಿತ್ರಗಳು ಸೂಚಿಸುವ ಐಸಿಎಲ್7660 ಎಂಬ ಚಾರ್ಜ್ ಪಂಪ್ ಐಸಿ ಸುಮಾರು 10 ಕಿಲೋಹರ್ಟ್ಸ್ ವೇಗದಲ್ಲಿ ಕೆಲಸ ಮಾಡುವುದರಿಂದ, ಅದರ ಕೀರಲು ಸದ್ದು ಕಿವಿಗೆ ಕೇಳುವ ವ್ಯಾಪ್ತಿಯೊಳಗೇ ಬೀಳುತ್ತದೆ. ಆ ಹುಡುಗನ ಪೆಡಲಿಗೆ ನಾನು ಮೊದಲು ಹಾಕಿಕೊಟ್ಟಿದ್ದು ಅದನ್ನೇ. ಮೀಟರ್ ಮೈನಸ್ 8.9 ತೋರಿಸಿತು, ಕೆಲಸ ಮುಗಿಯಿತೆಂದುಕೊಂಡೆ. ಅವನು ಮಾತ್ರ ಆಂಪ್ಲಿಫೈಯರಿನ ಮುಂದೆ ಕೂತು, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಏನೋ ಕೇಳಿಸುತ್ತಿದೆ ಸಾರ್ ಎಂದ. ಟಿಸಿ1044ಎಸ್ ಎಂಬ ಐಸಿಯಲ್ಲಿ ಒಂದನೆಯ ಕಾಲನ್ನು ಎಂಟನೆಯ ಕಾಲಿಗೆ ಸೇರಿಸಿದರೆ ವೇಗ ಸುಮಾರು 45 ಕಿಲೋಹರ್ಟ್ಸ್‌ಗೆ ಏರಿ, ಸದ್ದು ಕಿವಿಯ ವ್ಯಾಪ್ತಿಯನ್ನು ದಾಟಿಹೋಗುತ್ತದೆ. ಐಸಿ ಬದಲಿಸಿದ ಮೇಲೆ ಅವನ ಮುಖ ಅರಳಿತು. ಎರಡನೆಯದು ವೋಲ್ಟೇಜಿನ ಮಿತಿ. 7660 ತಾಳಿಕೊಳ್ಳುವುದು ಹತ್ತು ವೋಲ್ಟಿನ ಆಸುಪಾಸಿನವರೆಗೆ ಮಾತ್ರ. ರೆಗ್ಯುಲೇಟರ್ ಇಲ್ಲದ 9 ವೋಲ್ಟ್ ಅಡಾಪ್ಟರ್ ಲೋಡ್ ಇಲ್ಲದಾಗ 12 ವೋಲ್ಟನ್ನೂ ಮೀರಬಲ್ಲದು, ಆಗ ಐಸಿ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ರೆಗ್ಯುಲೇಟರ್ ಇರುವ ಅಡಾಪ್ಟರನ್ನೇ ಬಳಸಬೇಕು, ಪವರ್ ಬರುವ ದಾರಿಯಲ್ಲಿ ಒಂದು 1ಎನ್5817 ಡಯೋಡ್ ಇಟ್ಟು ಯಾರಾದರೂ ಪಿನ್ ತಿರುವುಮುರುವು ಮಾಡಿದರೂ ಅಪಾಯವಾಗದಂತೆ ನೋಡಿಕೊಳ್ಳಬೇಕು. 230 ವೋಲ್ಟಿನ ಭಾಗವನ್ನು ಹೊಸಬರು ಮುಟ್ಟಲೇಬಾರದು; ಅಡಾಪ್ಟರನ್ನು ಸಿದ್ಧವಾದದ್ದೇ ಕೊಳ್ಳಲಿ.

ಇನ್ನು ಬೈಪಾಸ್. ಮೂರು ಸಂಪರ್ಕಗಳನ್ನು ಒಮ್ಮೆಗೇ ಬದಲಿಸುವ, ಒಂಬತ್ತು ಕಾಲಿನ 3ಪಿಡಿಟಿ ಸ್ವಿಚ್ಚಿನಲ್ಲಿ ಒಂದು ಸಾಲು ಒಳಬರುವ ಸಿಗ್ನಲ್ಲಿಗೆ, ಒಂದು ಹೊರಹೋಗುವುದಕ್ಕೆ, ಮತ್ತೊಂದು ಎಲ್‌ಇಡಿ ದೀಪಕ್ಕೆ. ಪೆಡಲ್ ಆಫ್ ಆದಾಗ ಗಿಟಾರ್ ನೇರವಾಗಿ ಆಂಪ್ಲಿಫೈಯರಿಗೆ ಹೋಗಬೇಕು, ಅದೇ ಹೊತ್ತಿಗೆ ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ ಸೇರಿರಬೇಕು. ಇಲ್ಲವಾದರೆ ಹೆಚ್ಚು ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಬಲ) ಇರುವ ಪೆಡಲ್ ಆಫ್ ಇದ್ದಾಗಲೂ ಒಳಗೇ ಕಿರುಚಿ ಪಕ್ಕದ ವೈರಿಗೆ ಸೋರುತ್ತದೆ. ಒತ್ತಿದಾಗ ‘ಟಪ್’ ಎಂದು ಬರುವ ಸದ್ದಿಗೆ ಎಲ್ಲರೂ ಸ್ವಿಚ್ಚನ್ನು ಬೈಯುತ್ತಾರೆ, ಆದರೆ ಬಹಳ ಸಲ ಕಾರಣ ಕೆಪಾಸಿಟರ್ ಮೂಲಕ ಸೋರಿ ನಿಂತ ಡಿಸಿ ವೋಲ್ಟೇಜು. ಇನ್‌ಪುಟ್, ಔಟ್‌ಪುಟ್ ಎರಡರಿಂದಲೂ ಗ್ರೌಂಡಿಗೆ ಒಂದೊಂದು 1 ಮೆಗಾಓಮ್ ರೆಸಿಸ್ಟರ್ ಹಾಕಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಸ್ವಿಚ್ಚಿನ ಕಾಲಿಗೆ ಬೆಸುಗೆ ಹಾಕುವಾಗ ಕಾವನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಂಟ್ಯಾಕ್ಟ್ ಜರುಗಿಬಿಡುತ್ತದೆ.

ಲೇಖನದಲ್ಲಿ ಟ್ರೂ ಬೈಪಾಸೇ (ಮೇಲೆ ಹೇಳಿದಂತೆ ಆಫ್ ಇದ್ದಾಗ ಸಿಗ್ನಲ್ ಪೆಡಲಿನ ಸರ್ಕ್ಯೂಟನ್ನು ಪೂರ್ತಿ ತಪ್ಪಿಸಿ ಹೋಗುವ ವ್ಯವಸ್ಥೆಯೇ) ಸರ್ವಶ್ರೇಷ್ಠವೆಂದು ಬರೆದಿರುವುದನ್ನು ನಾನು ಒಪ್ಪಲಾರೆ. ಎಲ್ಲ ಪೆಡಲ್‌ಗಳೂ ಆಫ್ ಆಗಿದ್ದಾಗ ತಂತಿಯ ಕಂಪನವನ್ನು ಸಿಗ್ನಲ್ಲಾಗಿಸುವ ಗಿಟಾರಿನ ಪಿಕಪ್ ಇಡೀ ಕೇಬಲ್ಲಿನ ಕೆಪಾಸಿಟೆನ್ಸಿನ ಭಾರವನ್ನು ಒಂಟಿಯಾಗಿ ಹೊರಬೇಕಾಗುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೂ 10 ಮೀಟರಿಗೆ 1000 ಆಯಿತು. 4 ಹೆನ್ರಿಯ ಪಿಕಪ್ಪಿನೊಡನೆ ಅದರ ಅನುರಣನ, 3 ಮೀಟರ್ ಕೇಬಲ್ಲಿನಲ್ಲಿ ಸುಮಾರು 4600 ಹರ್ಟ್ಸ್ ಇದ್ದದ್ದು, 2500ರ ಹತ್ತಿರಕ್ಕೆ ಇಳಿದು ನಾದ ಮಂಕಾಗುತ್ತದೆ. ಸಾಲಿನ ಮೊದಲಲ್ಲಿ ಒಂದು ಒಳ್ಳೆಯ ಬಫರ್ (ಪಿಕಪ್ಪಿನ ಬದಲು ಕೇಬಲ್ಲಿನ ಭಾರ ಹೊರುವ ಸರ್ಕ್ಯೂಟ್) ಇದ್ದರೆ ಈ ತೊಂದರೆ ಇಲ್ಲ. ಹಳೆಯ ಜರ್ಮೇನಿಯಂ ಫಝ್ ಇದ್ದರೆ ಮಾತ್ರ ಅದು ಬಫರಿಗಿಂತ ಮುಂಚೆ ಇರಲಿ, ಏಕೆಂದರೆ ಅದಕ್ಕೆ ಪಿಕಪ್ಪಿನ ನೇರ ಸಂಪರ್ಕವೇ ಬೇಕು. ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬಳಸಿ ಬೈಪಾಸ್ ಕಟ್ಟುವವರು ಲ್ಯಾಚ್ ಆಗದ ರಿಲೇಯನ್ನು ಆರಿಸಿಕೊಂಡರೆ, ಪವರ್ ಹೋದ ಕೂಡಲೇ ಸ್ಪ್ರಿಂಗ್ ತಾನಾಗಿ ಬೈಪಾಸಿಗೆ ಮರಳಿ, ನುಡಿಸುತ್ತಿರುವವರ ಹಾಡು ನಡುವೆ ನಿಲ್ಲುವುದಿಲ್ಲ.

ಮುಂದೆ ಇಂಥ ಲೇಖನ ಬಂದಾಗ ಅದರ ಜೊತೆಗೆ ಪವರ್ ಮತ್ತು ಬೈಪಾಸಿನ ವೈರಿಂಗ್ ಚಿತ್ರಗಳೂ, ಪಾಸಿಟಿವ್ ನೆಗೆಟಿವ್ ತುದಿಗಳ ಸ್ಪಷ್ಟ ಗುರುತುಗಳೂ ಅಚ್ಚಾಗಲಿ ಎಂದು ವಿನಂತಿಸುತ್ತೇನೆ. ಮೇಲೆ ಹೇಳಿದ ಕನ್ವರ್ಟರಿನ ಮತ್ತು 3ಪಿಡಿಟಿ ವೈರಿಂಗಿನ ಚಿತ್ರಗಳನ್ನು ಕಾಲುಗಳ ಸಂಖ್ಯೆ ಸಹಿತ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ತಾವು ಸೂಚಿಸಿದರೆ ಕಳುಹಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ