ರಜೆಯ ಓದಿನ ಪಟ್ಟಿಗೆ ದಾವಣಗೆರೆಯಿಂದ ಒಂದು ತಿದ್ದುಪಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ, ರಜೆಯಲ್ಲಿ ಮಕ್ಕಳು ಓದಬಹುದಾದ ವಿಜ್ಞಾನ ಕತೆ, ಮಾಯಾಲೋಕದ ಕತೆಗಳ ಪಟ್ಟಿ ಹಾಕಿದ್ದೀರಿ. ಹದಿನೈದು ಪುಸ್ತಕ. ಹದಿನೈದೂ ಇಂಗ್ಲಿಷು. ಕೆಳಗೆ ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ ಈ ಪ್ರಕಾರ ಅಷ್ಟಾಗಿ ಬೆಳೆದಿಲ್ಲ ಅಂತ ಒಂದು ಸಾಲು. ನಾನು ಇಲ್ಲಿನ ಎಪಿಎಂಸಿಯಲ್ಲಿ ಮೂವತ್ತೆಂಟು ವರ್ಷ ದಲಾಲಿ ಅಂಗಡಿಯ ಗುಮಾಸ್ತನಾಗಿದ್ದವನು. ಗೋದಾಮಿನ ಬಾಗಿಲು ತೆಗೆಯದೆ ‘ಮಾಲು ಇಲ್ಲ’ ಅಂತ ಚೀಟಿ ಬರೆದವನನ್ನು ನಮ್ಮ ಸಾಹುಕಾರರು ಅವತ್ತೇ ಮನೆಗೆ ಕಳಿಸುತ್ತಿದ್ದರು. ಹಳೇ ಅಭ್ಯಾಸ, ಸುಮ್ಮನಿರಲಾಗಲಿಲ್ಲ.

ಪಟ್ಟಿ ಮೊದಲು ನೋಡಿದವನು ನನ್ನ ಮಗಳ ಮಗ. ಚಳ್ಳಕೆರೆಯವನು, ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. “ನೋಡಜ್ಜ, ಪೇಪರ್‌ನೋರೇ ಹಾಕಿದಾರೆ, ಕನ್ನಡದಾಗೆ ರಾಕೆಟ್ ಹಾರಲ್ವಂತೆ” ಅಂದ. ಹೇಳಿದವನು ಎಲ್ಲಿಯವನು ನೋಡಿ! 2023ರ ಏಪ್ರಿಲ್ 2ರಂದು ಇವನದೇ ತಾಲ್ಲೂಕಿನ ಬಯಲಿನ ಮೇಲೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯ ನೌಕೆಯನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತು ಕೈಬಿಟ್ಟಿತು. ಒಳಗೆ ಒಬ್ಬ ಮನುಷ್ಯನಿಲ್ಲ. ಅದು ತನ್ನ ದಾರಿ ತಾನೇ ನೋಡಿಕೊಂಡು ಗಂಟೆಗೆ ಸುಮಾರು 350 ಕಿ.ಮೀ. ವೇಗದಲ್ಲಿ ರನ್‌ವೇ ಮುಟ್ಟಿ ನಿಂತಿತು. 2024ರ ಮಾರ್ಚ್‌ನಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ಮತ್ತೆ ಅದೇ ಚಳ್ಳಕೆರೆಯಲ್ಲಿ ಇಳಿಸಿದರು. ಅಷ್ಟರಲ್ಲಿ ಅದಕ್ಕೆ ಪುಷ್ಪಕ್ ಅಂತ ಹೆಸರೂ ಬಂದಿತ್ತು. ಕುಬೇರನದು, ರಾವಣ ಕಿತ್ತುಕೊಂಡದ್ದು, ರಾಮ ಅಯೋಧ್ಯೆಗೆ ಹತ್ತಿ ಬಂದದ್ದು, ಆ ಪುಷ್ಪಕ. ಹಾಗೆಂದು ‘ಎಲ್ಲಾ ನಮ್ಮ ಪುರಾಣದಾಗೇ ಇತ್ತು ಬಿಡ್ರಿ’ ಅನ್ನುವವರ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ. ಕತೆಯಲ್ಲಿ ಹಾರಿದ್ದಕ್ಕೂ ರನ್‌ವೇಯಲ್ಲಿ ಇಳಿದದ್ದಕ್ಕೂ ನಡುವೆ ಲೆಕ್ಕ ಮಾಡುತ್ತ ಕೂತವರ ಅದೆಷ್ಟು ವರ್ಷಗಳ ದುಡಿಮೆಯಿದೆ ಅನ್ನುವುದು ಗುಮಾಸ್ತನಿಗೆ ಚೆನ್ನಾಗಿ ಗೊತ್ತು.

ಇರಲಿ, ದಾಸ್ತಾನಿಗೆ ಬರುತ್ತೇನೆ.

ನನ್ನ ಪಟ್ಟಿಯಲ್ಲಿ ಮೊದಲು ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’. ಇದಕ್ಕೆ ಪಕ್ಷಪಾತದ ಕಾರಣವುಂಟು: ಕತೆ ನಿಂತಿರುವುದೇ ಮೆಕ್ಕೆಜೋಳದ ಮೇಲೆ, ನನ್ನ ಹೊಟ್ಟೆ ತುಂಬಿದ್ದೂ ಅದರಿಂದಲೇ. ಹೊಯ್ಸಳರ ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಅಲ್ಲಿನ ಕೆಲವು ವಿಗ್ರಹಗಳು ಕೈಯಲ್ಲಿ ತೆನೆಯಂಥದ್ದೊಂದನ್ನು ಹಿಡಿದಿವೆ. ಮೆಕ್ಕೆಜೋಳ ಅಮೆರಿಕದ ಬೆಳೆ, ಕೊಲಂಬಸ್ ಹಡಗು ಬಿಟ್ಟದ್ದು 1492ರಲ್ಲಿ. ಹಾಗಾದರೆ ಅದು ಇನ್ನೂರು ವರ್ಷ ಮೊದಲೇ ನಮ್ಮ ಶಿಲ್ಪಿಯ ಕೈಗೆ ಸಿಕ್ಕಿದ್ದು ಹೇಗೆ? 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಅದು ಮೆಕ್ಕೆಜೋಳವೇ ಅಂತ ಬರೆದರು. ಅಲ್ಲ, ಅದು ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಅಂತ ನಮ್ಮ ಕೃಷಿ ವಿಜ್ಞಾನಿಗಳು ತಿರುಗಿ ಬರೆದರು. ಗಣೇಶಯ್ಯನವರು ಸ್ವತಃ ಕೃಷಿ ವಿಜ್ಞಾನಿ. ಆ ಜಗಳವನ್ನೇ ಬೀಜ ಮಾಡಿಕೊಂಡು ರಾತ್ರಿಯೆಲ್ಲ ಕೂರಿಸಿ ಓದಿಸುವ ಕತೆ ಬೆಳೆದಿದ್ದಾರೆ.

ಪುಸ್ತಕ ಮುಗಿಸಿದ ವಾರವೇ ನಾನು ಬಸ್ ಹತ್ತಿ ಸೋಮನಾಥಪುರಕ್ಕೆ ಹೋದೆ. ಮೆಕ್ಕೆಜೋಳದ ತೆನೆಯಲ್ಲಿ ಕಾಳಿನ ಸಾಲುಗಳು ಸಾಮಾನ್ಯವಾಗಿ ಸರಿಸಂಖ್ಯೆಯಲ್ಲಿರುತ್ತವೆ: 12, 14, 16. ಬೆಸ ಬಂದದ್ದನ್ನು ನಾನಂತೂ ಕಂಡಿಲ್ಲ. ಕಲ್ಲಿನ ತೆನೆಯಲ್ಲೂ ಎಣಿಸಿ ಜಗಳ ಹರಿಸಿಬಿಡೋಣ ಅಂತ ನನ್ನ ಲೆಕ್ಕಾಚಾರ. ಹೋಗಿ ನೋಡಿದರೆ ತೆನೆಯ ಅರ್ಧ ಗೋಡೆಯೊಳಗೇ ಇದೆ! ಎದುರಿಗೆ ಕಂಡಷ್ಟನ್ನು ಎಣಿಸಿ, ಕಾವಲುಗಾರ ಎರಡು ಸಲ ಬಂದು ಮುಖ ನೋಡಿ ಹೋದ ಮೇಲೆ, ತೀರ್ಮಾನವಿಲ್ಲದೆ ವಾಪಸ್ ಬಂದೆ. ನನ್ನ ಕಣ್ಣಿಗೆ ಕಾಳು ಮೆಕ್ಕೆಜೋಳದ್ದೇ ಅನ್ನಿಸಿತು. ಆದರೆ ಮೂವತ್ತೆಂಟು ವರ್ಷ ಅದನ್ನೇ ನೋಡಿದ ಕಣ್ಣು, ಅದರ ಸಾಕ್ಷಿ ನಂಬಬೇಡಿ. ಅರವತ್ತು ದಾಟಿದವನನ್ನು ಬಸ್ ಹತ್ತಿಸಿದ ಪುಸ್ತಕ ಒಂಬತ್ತನೇ ಕ್ಲಾಸಿನವನನ್ನು ಏನು ಮಾಡೀತು, ಯೋಚನೆ ಮಾಡಿ.

ಎರಡನೆಯದು ತೇಜಸ್ವಿಯವರ ‘ಕರ್ವಾಲೋ’, 1980ರದ್ದು. ಇದು ವಿಜ್ಞಾನ ಕತೆಯೇ ಅಲ್ಲ ಅಂತ ನನ್ನ ಗೆಳೆಯರೊಬ್ಬರು ವಾದ ಮಾಡುತ್ತಾರೆ, ಕತೆಯಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆಯಂತೆ, ಆದ್ದರಿಂದ ಕಲ್ಪನೆಯಲ್ಲವಂತೆ. ಇರಲಿ ಬಿಡಿ. ಜೇನು ಕೊಳ್ಳಲು ಹೋದವನೊಬ್ಬ ಕೋಟ್ಯಂತರ ವರ್ಷಗಳ ಕಾಲದ ಬಾಯಿಗೇ ಬಂದು ನಿಲ್ಲುತ್ತಾನಲ್ಲ, ಆ ತಲೆತಿರುಗು ಕೊಡಲಿಕ್ಕೆ ಬೇರೆಯವರಿಗೆ ಬಾಹ್ಯಾಕಾಶ ನೌಕೆ ಬೇಕಾಯಿತು. ತೇಜಸ್ವಿಗೆ ಒಂದು ಓತಿಕೇತ, ಒಬ್ಬ ಹಳ್ಳಿಗ ಮಂದಣ್ಣ ಸಾಕಾಯಿತು.

ಮನು ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರ ‘ಮಹಾಸಂಪರ್ಕ’ ಮಹಾಭಾರತವನ್ನೂ ಅನ್ಯಗ್ರಹದವರನ್ನೂ ಹೆಣೆದ ದೊಡ್ಡ ಕಾದಂಬರಿ. ಕತೆಯಾಗಿ ಓದಿ, ಪುರಾವೆಯಾಗಿ ಬೇಡ. ರಾಜಶೇಖರ ಭೂಸನೂರಮಠರ ‘ಮನ್ವಂತರ’ವನ್ನೂ ಸೇರಿಸಿ. ಕನ್ನಡದಲ್ಲಿ ವಿಜ್ಞಾನ ಕತೆಯನ್ನೇ ಹಟಹಿಡಿದು ಬರೆದವರಲ್ಲಿ ಅವರ ಹೆಸರು ಬಿಟ್ಟ ಯಾವ ಪಟ್ಟಿಯೂ ಪಟ್ಟಿಯಲ್ಲ.

ಇವೆಲ್ಲ ಎಲ್ಲಿ ಸಿಗುತ್ತವೆ ಅಂತ ಕೇಳುತ್ತೀರಿ. ಅಲ್ಲೇ ಇರುವುದು ರೋಗ. ಇತ್ತೀಚೆಗೆ ಮೊಮ್ಮಗನನ್ನು ಕರೆದುಕೊಂಡು ಒಂದು ಗ್ರಂಥಾಲಯಕ್ಕೆ ಹೋದೆ (ಹೆಸರು ಬೇಡ, ಪಾಪ, ಅಲ್ಲಿರುವವರು ಒಬ್ಬರೇ, ಕೆಲಸ ನಾಲ್ಕು ಜನರದ್ದು). ‘ವಿಜ್ಞಾನ ಕಾದಂಬರಿ ಎಲ್ಲಿಟ್ಟಿದ್ದೀರಿ’ ಅಂದರೆ ಎಸ್ಸೆಸ್ಸೆಲ್ಸಿ ವಿಜ್ಞಾನ ಗೈಡು ತೋರಿಸಿದರು. ನಾವೇ ಹುಡುಕಿದೆವು. ‘ಮಹಾಸಂಪರ್ಕ’ ಧಾರ್ಮಿಕ ಪುಸ್ತಕಗಳ ಕಪಾಟಿನಲ್ಲಿ ಲಲಿತಾ ಸಹಸ್ರನಾಮದ ಪಕ್ಕ ಕೂತಿತ್ತು. ‘ಕರ್ವಾಲೋ’ ಸಿಕ್ಕಿದ್ದು ಪಶುಸಂಗೋಪನೆಯ ಪುಸ್ತಕಗಳ ನಡುವೆ. ಮೊಮ್ಮಗ ನಗಲಿಕ್ಕೆ ಹತ್ತಿದವನು ಹೊರಗೆ ಬಂದು ಮಂಡಕ್ಕಿ ಮೆಣಸಿನಕಾಯಿ ತಿನ್ನುವವರೆಗೂ ನಿಲ್ಲಿಸಲಿಲ್ಲ. ಕನ್ನಡದಲ್ಲಿ ಬೆಳೆದಿಲ್ಲ ಅನ್ನುತ್ತೀರಲ್ಲ, ಬೆಳೆದದ್ದಕ್ಕೆ ಕಪಾಟಿನಲ್ಲಿ ಒಂದು ಚೀಟಿ ಅಂಟಿಸಿಲ್ಲ, ಅಷ್ಟೆ.

ನಮ್ಮ ಕಾಲದಲ್ಲಿ ಚೀಟಿಯ ಗೊಡವೆಯೇ ಇರಲಿಲ್ಲ. ಚಿಕ್ಕವರಿದ್ದಾಗ ಚಂದಮಾಮ, ಅದರ ಬೇತಾಳ. ದೊಡ್ಡವರಾದ ಮೇಲೆ ವಾರಪತ್ರಿಕೆಗಳ ಧಾರಾವಾಹಿ. ವಾರವಾರ ಪುಟ ಕತ್ತರಿಸಿ ಇಟ್ಟು, ದೀಪಾವಳಿಗೆ ಅಂಗಡಿಯ ಹೊಸ ಖಾತೆ ಪುಸ್ತಕ ಹೊಲಿಯುವ ಬೈಂಡರ್ ಹತ್ತಿರವೇ ಹೊಲಿಸುತ್ತಿದ್ದೆ. ಅದೇ ಕೆಂಪು ಬಟ್ಟೆ, ಅದೇ ರಟ್ಟು. ಒಂದು ಸಲ ಸಾಹುಕಾರರು ಕಿರ್ದಿ (ದಿನದ ಲೆಕ್ಕದ ಪುಸ್ತಕ) ಅಂತ ತೆಗೆದರೆ ಒಳಗೆ ಮೂರು ಕಣ್ಣಿನ ಪ್ರಾಣಿಯ ಚಿತ್ರ! ಬೈಯಲಿಲ್ಲ. ಎರಡು ದಿನ ಮನೆಯಲ್ಲಿಟ್ಟುಕೊಂಡು, ‘ಮುಂದಿನ ಭಾಗ ಐತೇನೋ’ ಅಂತ ವಾಪಸ್ ಕೊಟ್ಟರು.

ಒಳ್ಳೆಯ ವಿಜ್ಞಾನ ಕತೆಗೂ ಕಿರ್ದಿಗೂ ನೆಂಟಸ್ತನ ಇದೆ ಅಂತ ನಾನು ತಿಳಿದವನು. ಕಿರ್ದಿಯಲ್ಲಿ ಒಂದು ಸುಳ್ಳು ಬರೆದರೆ ಸಂಜೆಯೊಳಗೆ ಉಳಿದದ್ದೆಲ್ಲ ಅದಕ್ಕೆ ತಾಳೆಯಾಗಬೇಕು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ‘ಇನ್‌ವಿಸಿಬಲ್ ಮ್ಯಾನ್’ ನೋಡಿ. ಮನುಷ್ಯ ಕಾಣಿಸುವುದಿಲ್ಲ ಅನ್ನುವುದೊಂದೇ ಸುಳ್ಳು. ಅದಾದ ಮೇಲೆ ಎಲ್ಲ ತಾಳೆ: ಬಟ್ಟೆ ಕಾಣುತ್ತದಲ್ಲ, ಆದ್ದರಿಂದ ಅವನು ಚಳಿಯಲ್ಲಿ ಬೆತ್ತಲೆ ತಿರುಗಬೇಕು. ಉಂಡ ಅನ್ನ ಅರಗುವತನಕ ಹೊಟ್ಟೆಯಲ್ಲಿ ಕಾಣುತ್ತದೆ. ಇಷ್ಟಾದರೂ ಒಂದು ಕಡೆ ಲೆಕ್ಕ ತಪ್ಪಿದೆ. ಕಣ್ಣಿನ ಒಳಪರದೆಯೂ ಪಾರದರ್ಶಕವಾದರೆ ಬೆಳಕು ಅಲ್ಲಿ ನಿಲ್ಲುವುದಿಲ್ಲ, ಅವನು ಕುರುಡನಾಗಿರಬೇಕಿತ್ತು. ಆ ತಪ್ಪು ಹುಡುಕುವ ಆಟದಲ್ಲಿ ನನ್ನ ಮೊಮ್ಮಗ ಬೆಳಕಿನ ಪಾಠವನ್ನು ಗೈಡಿಲ್ಲದೆ ಕಲಿತ.

ಇಂಗ್ಲಿಷ್ ಪುಸ್ತಕ ಬೇಡವೇ ಬೇಡ ಅಂತ ನನ್ನ ತಕರಾರಲ್ಲ. ನಿಮ್ಮ ಹದಿನೈದರಲ್ಲಿ ಈ ದೇಶದವರು ಒಬ್ಬರೂ ಇಲ್ಲ ಅನ್ನುವುದು ಇನ್ನೊಂದು ತಕರಾರು. ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕತೆ ಬರೆದರು. ಸಮುದ್ರದ ಚಂಡಮಾರುತವನ್ನು ಹಡಗಿನಲ್ಲಿದ್ದವನೊಬ್ಬ ತಲೆಗೆ ಹಚ್ಚುವ ಎಣ್ಣೆ ಸುರಿದು ಶಾಂತ ಮಾಡುತ್ತಾನೆ. ಸ್ಪರ್ಧೆ ಏರ್ಪಡಿಸಿದ್ದವರೇ ಎಣ್ಣೆ ವ್ಯಾಪಾರಿಗಳು, ಬಹುಮಾನವೂ ಬಂತು. ಅಷ್ಟು ದೊಡ್ಡ ವಿಜ್ಞಾನಿ ನೋಡಿ, ಗಿರಾಕಿಯನ್ನು ಬಲ್ಲವರು.

ರೊಕೆಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಳ ಕನಸು’ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲೇ ಬಂದದ್ದು. ಹತ್ತಿಪ್ಪತ್ತು ಪುಟ. ಆ ನಾಡಿನಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ರಾಜ್ಯಭಾರದಲ್ಲಿ. ವಿಶ್ವವಿದ್ಯಾಲಯದ ಹೆಂಗಸರು ಮೋಡದ ಮೇಲೆ ಬಲೂನು ತೇಲಿಸಿ, ಅದಕ್ಕೆ ಕೊಳವೆ ಹಾಕಿ, ಬೇಕಾದಷ್ಟು ನೀರನ್ನು ಮೇಲಿನಿಂದಲೇ ಎಳೆದುಕೊಳ್ಳುತ್ತಾರೆ. ಭದ್ರಾ ಮೇಲ್ದಂಡೆಯ ನೀರಿಗೆ ಕಾಯುತ್ತ ಕೂತಿರುವ ಚಳ್ಳಕೆರೆಯವರು ಅದನ್ನು ಓದಿದರೆ ಹೊಟ್ಟೆ ಉರಿದುಕೊಂಡಾರು. ನನ್ನ ಮಗಳು ಒಂದೇ ಮಧ್ಯಾಹ್ನ ಓದಿ ಮುಗಿಸಿದಳು. ಅವತ್ತು ಸಂಜೆ ಅಳಿಯಂದಿರೇ ಕಾಫಿ ಮಾಡಿದರಂತೆ.

ನಾರಳೀಕರರ ವಿಷಯ ನನಗೆ ಹೇಳಿದವರು ಸಾಂಗ್ಲಿಯಿಂದ ಮಾಲು ಖರೀದಿಗೆ ಬರುತ್ತಿದ್ದ ಒಬ್ಬ ವ್ಯಾಪಾರಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಅಂತ ಒಂದು ಕತೆ ಬಂತು, ಬರೆದವನ ಹೆಸರು ನಾರಾಯಣ ವಿನಾಯಕ ಜಗತಾಪ. ಬಹುಮಾನ ಗೆದ್ದ ಮೇಲೆ ತಿಳಿದದ್ದು, ಆತ ಜಯಂತ ವಿಷ್ಣು ನಾರಳೀಕರ. ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿದ್ದರು. ಜಗತ್ತಿಗೇ ಗೊತ್ತಿದ್ದ ಖಗೋಳ ವಿಜ್ಞಾನಿ, ಹೆಸರು ನೋಡಿ ಬಹುಮಾನ ಕೊಟ್ಟಾರು ಅಂತ ಹೆದರಿದರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದಿದೆ. ಆ ವ್ಯಾಪಾರಿಗೆ ಫೋನ್ ಮಾಡಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಹೊರಗಿನವರಲ್ಲಿ ಎರಡೇ ಹೆಸರು ಹೇಳುತ್ತೇನೆ. ಅಸಿಮೋವ್ 1941ರಲ್ಲಿ ಬರೆದ ‘ನೈಟ್‌ಫಾಲ್’: ಆರು ಸೂರ್ಯರಿರುವ ಲೋಕ, 2049 ವರ್ಷಕ್ಕೊಮ್ಮೆ ಮಾತ್ರ ಕತ್ತಲೆ, ಆ ಕತ್ತಲೆಗೆ ಊರೂರೇ ಬುದ್ಧಿ ಕಳೆದುಕೊಳ್ಳುತ್ತದೆ. ಉತ್ಪ್ರೇಕ್ಷೆ ಅನ್ನುವವರು 1980ರ ಫೆಬ್ರುವರಿ 16ರ ಗ್ರಹಣ ನೆನಪು ಮಾಡಿಕೊಳ್ಳಿ. ಪೂರ್ಣ ಗ್ರಹಣ ನಮಗಿಂತ ಉತ್ತರಕ್ಕೆ, ನಮ್ಮಲ್ಲಿ ಪೂರ್ತಿ ಕತ್ತಲೆಯೂ ಆಗಲಿಲ್ಲ. ಆದರೂ ಶನಿವಾರ ಮಧ್ಯಾಹ್ನ ದಾವಣಗೆರೆಯ ಬೀದಿಗಳು ಬಿಕೋ ಅನ್ನುತ್ತಿದ್ದವು. ಅಂಗಡಿಯಲ್ಲಿ ನಾನೂ ಒಬ್ಬ ಹಮಾಲನೂ ಇಬ್ಬರೇ, ಅವನು ಚೀಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದ.

ಇನ್ನೊಂದು ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಜಾರ್ಡ್ ಆಫ್ ಅರ್ಥ್‌ಸೀ’, 1968. ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗ ಓದಿ ರಾತ್ರಿ ಹೇಳುತ್ತಿದ್ದ, ಬದಲಿಗೆ ನಾನು ‘ಕರ್ವಾಲೋ’ ಓದಿ ಹೇಳುತ್ತಿದ್ದೆ. ಮೇಕೆ ಕಾಯುವ ಹುಡುಗನೊಬ್ಬ ಮಂತ್ರವಾದಿಯಾಗುತ್ತಾನೆ. ಅಲ್ಲಿ ಎಲ್ಲರಿಗೂ ಒಂದು ನಿಜವಾದ ಹೆಸರಿದೆ, ಅದನ್ನು ಸುಮ್ಮಸುಮ್ಮನೆ ಯಾರಿಗೂ ಹೇಳುವಂತಿಲ್ಲ, ಹೆಸರು ತಿಳಿದವನ ಕೈಯಲ್ಲಿ ಜೀವ. “ಇದೆಂಥಾ ರೂಲ್ಸ್ ಅಜ್ಜ” ಅಂದ. ನಮ್ಮವ್ವ ಸಾಯುವತನಕ ಅಪ್ಪನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ವೋಟರ್ ಲಿಸ್ಟಿನವರು ಬಂದಾಗ ‘ನೀನೇ ಹೇಳಪ್ಪ’ ಅಂತ ನನ್ನನ್ನು ಮುಂದೆ ನೂಕುತ್ತಿದ್ದಳು. ಅದನ್ನು ಹೇಳಿದೆ. ಅವನು ತುಂಬಾ ಹೊತ್ತು ಏನೂ ಕೇಳಲಿಲ್ಲ, ಆಮೇಲೆ “ಮುತ್ತಜ್ಜನ ಹೆಸರೇನು” ಅಂತ ಪಿಸುಗುಟ್ಟಿದ.

ಸಂಪಾದಕರೇ, ಕೇಳುವುದು ಎರಡೇ. ಪಟ್ಟಿಯನ್ನು ತಿದ್ದಿ ಮತ್ತೊಮ್ಮೆ ಅಚ್ಚು ಹಾಕಿ. ಪುರವಣಿಯಲ್ಲಿ ರಾಶಿಫಲಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಅದರ ಅರ್ಧದಲ್ಲಿ ವಾರಕ್ಕೊಂದು ಕಂತು ಕನ್ನಡದ ವಿಜ್ಞಾನ ಕತೆ ಶುರು ಮಾಡಿ. ಹೊಸಬರು ಬರೆಯುತ್ತಾರೆ. ನಮ್ಮ ಹುಡುಗ ಒಂದು ಶುರು ಮಾಡಿದ್ದಾನೆ, ಜೋಗಿಮಟ್ಟಿಯ ಗಾಳಿಯಂತ್ರಗಳು ರಾತ್ರಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವಂತೆ, ಯಾವ ಭಾಷೆ ಅಂತ ಇನ್ನೂ ತೀರ್ಮಾನವಾಗಿಲ್ಲ. ಕಂತು ಬಂದರೆ ಕತ್ತರಿಸಿಡುತ್ತೇನೆ. ಹಳೇ ಬೈಂಡರ್ ಇಲ್ಲ, ಅವನ ಮಗ ಅಂಗಡಿ ನಡೆಸುತ್ತಿದ್ದಾನೆ. ಕೆಂಪು ಬಟ್ಟೆ ಇದೆಯೇ ಅಂತ ವಿಚಾರಿಸಿ ಬಂದಿದ್ದೇನೆ, ಇದೆಯಂತೆ.

ಇಂತಿ ನಿಮ್ಮ ಓದುಗ,
ಎಪಿಎಂಸಿಯ ಒಬ್ಬ ಮಾಜಿ ಗುಮಾಸ್ತ,
ದಾವಣಗೆರೆ