ಕ್ಯಾಪ್ಟನ್‌ಗೆ, ಪರದೆಯ ಹಿಂದಿನಿಂದ

ಪ್ರೀತಿಯ ಕ್ಯಾಪ್ಟನ್,

ನ್ಯೂಜೆರ್ಸಿಯಿಂದ ನೀನು ಕಳಿಸಿದ ಟಿಕೆಟಿನ ಫೋಟೊ ಬಂತು. ‘ಸೌಂಡ್ ಆಫ್ ಮ್ಯೂಸಿಕ್’, 60ನೇ ವರ್ಷ, 4ಕೆಯಲ್ಲಿ ತೊಳೆದು ಒರೆಸಿ ಮತ್ತೆ ಥಿಯೇಟರಿಗೆ ಬಿಟ್ಟದ್ದು. ಅದರ ಕೆಳಗೆ ನಿನ್ನ ಒಂದು ಸಾಲು: “ಅತ್ತುಬಿಟ್ಟೆ ಮಾರಾಯ, ಯಾರಿಗೂ ಹೇಳಬೇಡ.” ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಉತ್ತರ ಕೊಟ್ಟರೆ ನೀನೊಬ್ಬ ನಗುತ್ತೀಯ, ಇಲ್ಲಾದರೆ ನಾಲ್ಕು ಜನ ನಗುತ್ತಾರೆ. ಹೆದರಬೇಡ, ನಿನ್ನ ಹೆಸರು ಹಾಕುವುದಿಲ್ಲ. ಅದಕ್ಕೆ ಬೇರೆ ಕಾರಣವೂ ಉಂಟು, ಆಮೇಲೆ ಹೇಳುತ್ತೇನೆ. ಐಸ್‌ಕ್ಯಾಂಡಿ ಕೇಸಿನ ಬಗ್ಗೆ ಮಾತ್ರ ಯಾರು ಎಷ್ಟು ಕೇಳಿದರೂ ನಾನು ಬಾಯಿ ಬಿಡುವವನಲ್ಲ.

ಇಲ್ಲಿ ಅದನ್ನು ಎಲ್ಲಿ ಅಂತ ಹುಡುಕುವುದು ಹೇಳು. 2025ರ ಅಕ್ಟೋಬರ್ 2ರಿಂದ ಮಂಗಳೂರಿಡೀ ‘ಕಾಂತಾರ’ದ್ದೇ ಮಾತು. ಸೆಪ್ಟೆಂಬರ್‌ನಲ್ಲಿ ಸರಕಾರ ಟಿಕೆಟು 200 ರೂಪಾಯಿ ದಾಟಬಾರದು ಎಂದಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅಗ್ಗವಾದಾಗ ನೋಡೋಣ ಎಂದು ನಾನು ಎದ್ದು ಚಪ್ಪಲಿ ಹಾಕುವಷ್ಟರಲ್ಲಿ ಅಗ್ಗ ಮುಗಿದಿತ್ತು. ಜ್ಯೋತಿ ಟಾಕೀಸು ಇಲ್ಲವೇ ಇಲ್ಲ ಈಗ. ಬಸ್ಸಿನ ಕಂಡಕ್ಟರುಗಳು ಮಾತ್ರ ಇನ್ನೂ ‘ಜ್ಯೋತಿ, ಜ್ಯೋತಿ’ ಎಂದೇ ಕೂಗುತ್ತಾರೆ. ಹಾಗಾಗಿ ಮನೆಯಲ್ಲೇ ಟಿವಿಯಲ್ಲಿ ನೋಡಿದೆ. 174 ನಿಮಿಷ. ಹೆಂಡತಿ ಬೆಟ್ಟ ಕಂಡ ಕೂಡಲೇ “ಚೆಂದ ಉಂಟು” ಎಂದು ಹೇಳಿ ಮಲಗಿದಳು.

ಓದುವವರಿಗಾಗಿ ಸ್ವಲ್ಪ ಹೇಳಬೇಕು, ನೀನು ಬೇಕಾದರೆ ಈ ಪ್ಯಾರಾ ಬಿಡು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸಿಸ್ಟರ್ ಇದನ್ನು ನಾಟಕ ಮಾಡಿಸಿದ್ದರು. ಇವನು ಕ್ಯಾಪ್ಟನ್ ಫಾನ್ ಟ್ರಾಪ್, ಏಳು ಮಕ್ಕಳ ಅಪ್ಪ, ಆ ಮಕ್ಕಳನ್ನು ನೋಡಿಕೊಳ್ಳಲು ಬಂದ ಮಾರಿಯಾಳನ್ನು ಮದುವೆಯಾಗುವವನು. ಎತ್ತರ ಇದ್ದ, ನಗುತ್ತಿರಲಿಲ್ಲ, ಆಯಿತು ಆಸ್ಟ್ರಿಯದ ನೌಕಾಪಡೆ. ಕೋಟು ಬ್ಯಾಂಡ್‌ಸೆಟ್‌ನವರಿಂದ ಬಾಡಿಗೆಗೆ ತಂದದ್ದು. ಮುಂದೆ ಚಿನ್ನದ ಗುಂಡಿ, ಹೆಗಲಿಗೆ ಜರಿ, ಬೆನ್ನಿನ ಮೇಲೆ ಬ್ಯಾಂಡಿನ ಹೆಸರು ಮತ್ತು ‘ಮದುವೆ, ಮೆರವಣಿಗೆಗೆ ಸಂಪರ್ಕಿಸಿ’. ಪಾಪ, ಇಡೀ ನಾಟಕದಲ್ಲಿ ಒಮ್ಮೆಯೂ ಜನರಿಗೆ ಬೆನ್ನು ಹಾಕುವ ಹಾಗಿರಲಿಲ್ಲ. ಒಳಗೆ ಹೋಗಬೇಕಾದಾಗಲೆಲ್ಲ ಹಿಂದೆ ಹಿಂದೆ ನಡೆದು ಹೋಗುತ್ತಿದ್ದ. ಆಸ್ಟ್ರಿಯದವರ ಮರ್ಯಾದೆಯೇ ಹಾಗೆ ಎಂದು ಮುಖ್ಯ ಅತಿಥಿಗಳು ತಿಳಿದುಕೊಂಡರಂತೆ.

ಹಾಡು ಮಾತ್ರ ಇವನಿಂದ ಆಗುತ್ತಿರಲಿಲ್ಲ. ಹಾಗಾಗಿ ನಾನು ಪರದೆಯ ಹಿಂದೆ, ಮೈಕಿಗೆ ಕರವಸ್ತ್ರ ಸುತ್ತಿಕೊಂಡು. ಇವನು ಬಾಯಿ ಆಡಿಸಿದ, ನಾನು ಹಾಡಿದೆ, ಚಪ್ಪಾಳೆ ಇವನಿಗೆ. ನನಗೆ ಬೇಜಾರಿರಲಿಲ್ಲ, ನಿಜವಾಗಿಯೂ. ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯಿತು, ಸಿನಿಮಾದಲ್ಲೂ ಹಾಗೆಯೇ. ಕ್ಯಾಪ್ಟನ್ ಆಗಿದ್ದ ಕ್ರಿಸ್ಟೋಫರ್ ಪ್ಲಮ್ಮರ್‌ಗೆ ಹಾಡಿದ್ದು ಬಿಲ್ ಲೀ ಎಂಬವರು. ಪ್ಲಮ್ಮರ್ ಸ್ವಂತ ಗಂಟಲಲ್ಲಿ ಹಾಡಿದ್ದು ಹೊರಗೆ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷ ಆಗಿತ್ತು. ಈ ಸಿನಿಮಾವನ್ನು ಅವರು ಬಹಳ ಕಾಲ ‘ಸೌಂಡ್ ಆಫ್ ಮ್ಯೂಕಸ್’, ಅಂದರೆ ಸಿಂಬಳದ ಸದ್ದು, ಎಂದು ಗೇಲಿ ಮಾಡುತ್ತಿದ್ದರು. ನಾಟಕದ ದಿನ ನಿನಗಿದ್ದ ನೆಗಡಿ ನೆನಪಾಯಿತು.

ಇರಲಿ. ಸಿನಿಮಾ ನೋಡುತ್ತಾ ಮೊದಲರ್ಧ ನಾನೂ ಎಲ್ಲರ ಹಾಗೆ ಕೂತು ಹಾಡಿದೆ. ಬೆಟ್ಟದ ಮೇಲೆ ಮಾರಿಯಾ ಆದ ಜೂಲಿ ಆಂಡ್ರ್ಯೂಸ್ ತಿರುಗುವಾಗ ಹೆಲಿಕಾಪ್ಟರಿನ ಗಾಳಿಗೆ ಪ್ರತಿ ಸಲ ಬಿದ್ದು ಎದ್ದರಂತಲ್ಲ, ಅದನ್ನು ನೆನೆದು ನಕ್ಕೆ. ಕೊನೆಗೆ, ಹಿಟ್ಲರನ ಜರ್ಮನಿ ಆಸ್ಟ್ರಿಯವನ್ನು ನುಂಗಿದ ಮೇಲೆ, ಸಂಸಾರವೆಲ್ಲ ತಪ್ಪಿಸಿಕೊಂಡು ಬೆಟ್ಟ ಹತ್ತಿ ಸ್ವಿಜರ್ಲೆಂಡಿಗೆ ಹೋಗುವುದಕ್ಕೂ ನಕ್ಕೆ. ಕತೆ ನಡೆಯುವ ಸಾಲ್ಜ್‌ಬರ್ಗಿನಿಂದ ಹಾಗೆ ಬೆಟ್ಟ ದಾಟಿದರೆ ಇಳಿಯುವುದು ಜರ್ಮನಿಗೆ. ನಿಜವಾದ ಟ್ರಾಪ್ ಕುಟುಂಬ ರೈಲು ಹತ್ತಿ ಇಟಲಿಗೆ ಹೋದದ್ದು. ಆದರೆ ರೈಲು ಟಿಕೆಟು ತೋರಿಸಿದರೆ ಐದು ಆಸ್ಕರ್ ಕೊಡುತ್ತಾರಾ?

ನಗು ನಿಂತದ್ದು ಮದುವೆಯಾದ ಮೇಲೆ. ನೀನು ಗಮನಿಸಿದೆಯಾ ಗೊತ್ತಿಲ್ಲ, ಮಾರಿಯಾಳ ಮದುವೆಯ ನಂತರ ಆ ಸಿನಿಮಾದಲ್ಲಿ ಒಂದೇ ಒಂದು ಹೊಸ ಹಾಡಿಲ್ಲ. ಮದುವೆಯ ಗಂಟೆ ಹೊಡೆಯುತ್ತದೆ, ಅದರ ಬೆನ್ನಿಗೇ ಚೌಕದಲ್ಲಿ ನಾಜಿ ಸೈನಿಕರು ಸಾಲಾಗಿ ನಡೆದುಹೋಗುತ್ತಾರೆ. ಗುಂಡಿಲ್ಲ, ಕಿರುಚಾಟವಿಲ್ಲ. ಅಲ್ಲಿಂದ ಮುಂದೆ ಎಲ್ಲ ಹಳೆಯ ಹಾಡುಗಳೇ. ಅದೇ ಡೋ-ರೆ-ಮಿ, ಅದೇ ಮಕ್ಕಳ ಟಾಟಾ ಹಾಡು, ಅದೇ ಬೆಟ್ಟದ ಬಿಳಿ ಹೂವಿನ ಹಾಡು ‘ಎಡೆಲ್‌ವೈಸ್’. ಬದಲಾದದ್ದು ಮುಂದಿನ ಸಾಲಿನಲ್ಲಿ ಕೂತವರು ಯಾರು ಎಂಬುದು ಮಾತ್ರ. ಚಿಕ್ಕಂದಿನಲ್ಲಿ ನಾವು ಈ ಭಾಗವನ್ನು ಓಡಿಸಿಬಿಡುತ್ತಿದ್ದೆವು, ಹೊಸ ಹಾಡಿಲ್ಲವಲ್ಲ ಅಂತ.

ಬಂಡೆಯ ಎದುರಿನ ರಂಗಮಂದಿರದಲ್ಲಿ ಸಂಗೀತ ಉತ್ಸವ. ಕ್ಯಾಪ್ಟನ್ ‘ಎಡೆಲ್‌ವೈಸ್’ ಹಾಡುತ್ತಾ ಗಂಟಲು ಕಟ್ಟಿ ನಿಲ್ಲುತ್ತಾನೆ. ಮಾರಿಯಾ ಬಂದು ಸೇರುತ್ತಾಳೆ, ಆಮೇಲೆ ಸಭೆಗೆ ಸಭೆಯೇ ಸೇರುತ್ತದೆ. ನೀನು ಅತ್ತದ್ದು ಅಲ್ಲೇ ಅಲ್ವಾ? ನಾನೂ ಅಲ್ಲೇ. ಆಸ್ಟ್ರಿಯದ ಹಳೆಯ ನಾಡಹಾಡು ಎಂದು ನಾವಿಬ್ಬರೂ ಎಷ್ಟು ವರ್ಷ ನಂಬಿದ್ದೆವು. ಅದು ನ್ಯೂಯಾರ್ಕಿನ ನಾಟಕಕ್ಕೆಂದು 1959ರಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದದ್ದು, ಅವರ ಕೊನೆಯ ಹಾಡು. ಮರುವರ್ಷ ತೀರಿಕೊಂಡರು.

ಈ ಸಲ ನನ್ನ ಕಣ್ಣು ಕ್ಯಾಪ್ಟನ್ ಮೇಲೆ ನಿಲ್ಲಲಿಲ್ಲ. ಸಭೆಯ ಮೇಲೆ ನಿಂತಿತು. ಅಷ್ಟು ಜನ. ಹಾಡಿದರು, ಕಣ್ಣು ಒರೆಸಿಕೊಂಡರು. ಟ್ರಾಪ್‌ಗಳು ಓಡಿಹೋದರು, ಸರಿ. ಈ ಜನ ಎಲ್ಲಿಗೆ ಹೋದರು? ಮನೆಗೆ ತಾನೆ? ಊಟ ಮಾಡಿರಬೇಕು. “ಎಂಥ ಒಳ್ಳೆ ಕಾರ್ಯಕ್ರಮ” ಎಂದಿರಬೇಕು. ಮರುದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಲು ಗಾಡಿ ಬಂದಾಗ ಅವರು ಕಿಟಕಿ ಹಾಕಿಕೊಂಡರೋ ತೆರೆದರೋ, ಸಿನಿಮಾ ಹೇಳುವುದಿಲ್ಲ. ಈ ಸಿನಿಮಾದ ಚಿತ್ರೀಕರಣದ ಬಗ್ಗೆ ಒಂದು ಪ್ರಸಿದ್ಧ ಕತೆ ಉಂಟು. ಚೌಕದಲ್ಲಿ ಸ್ವಸ್ತಿಕದ ಬಾವುಟ ಹಾಕಲು ಸಾಲ್ಜ್‌ಬರ್ಗಿನ ಅಧಿಕಾರಿಗಳು ಒಪ್ಪಲಿಲ್ಲವಂತೆ, ನಮ್ಮ ಜನ ಅಂಥವರಾಗಿರಲಿಲ್ಲ ಎಂದು. ಸರಿ, ಹಾಗಾದರೆ 1938ರ ಸುದ್ದಿಚಿತ್ರವನ್ನೇ ಹಾಕುತ್ತೇವೆ, ಅದರಲ್ಲಿ ಜನ ಜೈಕಾರ ಹಾಕುವುದು ಚೆನ್ನಾಗಿ ಕಾಣುತ್ತದೆ ಎಂದರಂತೆ ಸಿನಿಮಾದವರು. ಬಾವುಟಕ್ಕೆ ಕೂಡಲೇ ಅನುಮತಿ ಸಿಕ್ಕಿತಂತೆ.

ಇದನ್ನೆಲ್ಲ ಯಾಕೆ ಕೊರೆಯುತ್ತಿದ್ದಾನೆ ಎಂದು ನಿನಗೆ ಅನಿಸಿರಬೇಕು. ಹೇಳುತ್ತೇನೆ.

ನಮ್ಮ ಫ್ಲ್ಯಾಟಿನಲ್ಲಿ ಮೇಲಿನ ಮನೆ ಬಾಡಿಗೆಗೆ ಇತ್ತು. ಒಂದು ಸಂಸಾರ ನೋಡಲು ಬಂತು. ಗಂಡ, ಹೆಂಡತಿ, ಎರಡು ಮಕ್ಕಳು. ಚಿಕ್ಕವಳು ಲಿಫ್ಟಿನ ಗುಂಡಿ ಅಷ್ಟನ್ನೂ ಒತ್ತಿ, ಪ್ರತಿ ಮಹಡಿಯಲ್ಲೂ ಹೊರಗೆ ಇಣುಕಿ “ಇದಾ ನಮ್ಮ ಮನೆ?” ಎಂದು ಕೇಳುತ್ತಾ ಬಂದಳು. ನಮ್ಮ ಬಾಗಿಲು ತೆರೆದಿತ್ತು. ನೀರು ಹೇಗೆ ಎಂದು ಅವರು ನನ್ನನ್ನು ಕೇಳಿದರು. ಗಾಳಿ ಚೆನ್ನಾಗಿದೆ, ನೀರೂ ಬರುತ್ತದೆ, ಬೇಸಿಗೆಯಲ್ಲಿ ತುಂಬೆ ಡ್ಯಾಮಿನಲ್ಲಿ ಇಳಿದರೆ ಮಾತ್ರ ಟ್ಯಾಂಕರ್ ಎಂದೆ. ಅವರು ಕೈ ಕೊಟ್ಟು ಹೆಸರು ಹೇಳಿದರು. ನಿನ್ನ ಹೆಸರೇ, ಮಾರಾಯ. “ಓ, ನನ್ನ ಜೀವದ ಗೆಳೆಯನದ್ದೂ ಅದೇ ಹೆಸರು” ಎಂದೆ. ಅವರ ಮುಖ ನೋಡಬೇಕಿತ್ತು ನೀನು.

ರಾತ್ರಿ ಫ್ಲ್ಯಾಟಿನವರ ವಾಟ್ಸಾಪ್ ಗ್ರೂಪಿನಲ್ಲಿ ಸುರುವಾಯಿತು. ಒಂದೇ ಒಂದು ಕೆಟ್ಟ ಮಾತಿಲ್ಲ, ಎಲ್ಲ ಮರ್ಯಾದೆಯದ್ದೇ. ‘ನಮ್ಮ ವಾತಾವರಣಕ್ಕೆ ಹೊಂದುವವರು ಬಂದರೆ ಒಳ್ಳೆಯದಲ್ವಾ?’ ಎಂದು ಒಬ್ಬರು. ‘ನಮಗೇನಿಲ್ಲ, ನಾಳೆ ಅವರಿಗೇ ಮುಜುಗರ ಆಗಬಾರದು’ ಎಂದು ಇನ್ನೊಬ್ಬರು. ಅಡುಗೆ ವಾಸನೆ ಎಂದವರ ಮನೆಯಲ್ಲಿ ಬಂಗುಡೆ ಹುರಿದರೆ ನಮ್ಮ ಬಟ್ಟೆ ಮತ್ತೆ ಒಗೆಯಬೇಕು. ನಾನು ಏನೋ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಮೇಲೆ ‘ಟೈಪಿಂಗ್’ ಎಂದು ಎಲ್ಲರಿಗೂ ಕಾಣುತ್ತಿರುತ್ತದಲ್ಲ, ಈಗ ಏನಾದರೂ ಹಾಕಲೇಬೇಕು. ಹಾಕಿದೆ. ನಾಡಗೀತೆಯ ವಿಡಿಯೊ. ಮಕ್ಕಳು ಸೇರಿ ಹಾಡಿದ್ದು, ಹಿಂದೆ ಜೋಗದ ನೀರು. ರಾಜ್ಯೋತ್ಸವಕ್ಕೆ ಇನ್ನೂ ದಿನ ಇತ್ತು.

ಎಲ್ಲರೂ ಹೃದಯ ಒತ್ತಿದರು. ವಾತಾವರಣದವರು, ಮುಜುಗರದವರು, ಬಂಗುಡೆಯವರೂ ಸಹ. ನಾನು ಒಬ್ಬೊಬ್ಬರಿಗೂ ಕೈಮುಗಿಯುವ ಎಮೋಜಿ ಹಾಕಿದೆ. ಉತ್ಸವದಲ್ಲಿ ಮೂರನೇ ಬಹುಮಾನ ಬಂದ ಹೆಂಗಸು ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಾಳಲ್ಲ, ಮುಗಿಸುವುದೇ ಇಲ್ಲವಲ್ಲ, ಹಾಗೆ. ಅವಳು ಅಷ್ಟು ಹೊತ್ತು ಬಗ್ಗಿದ್ದರಿಂದ ಟ್ರಾಪ್‌ಗಳಿಗೆ ಓಡಲು ಸ್ವಲ್ಪ ಸಮಯವಾದರೂ ಸಿಕ್ಕಿತು. ನಾನು ಬಗ್ಗಿದ್ದರಿಂದ ಯಾರಿಗೆ ಏನು ಸಿಕ್ಕಿತು? ಮನೆ ಬೇರೆ ಯಾರಿಗೋ ಹೋಯಿತು. ಒಳ್ಳೆಯ ಜನ. ಲಿಫ್ಟಿನಲ್ಲಿ ಸಿಕ್ಕಿದಾಗ ನಗುತ್ತಾರೆ.

ಸಿನಿಮಾ ನೋಡುವ ತನಕ ನಾನು ಆ ವಿಡಿಯೊ ಹಾಕಿದ್ದನ್ನು ಒಂದು ಧೈರ್ಯ ಎಂದೇ ಲೆಕ್ಕ ಹಾಕಿದ್ದೆ. ಸೂಕ್ಷ್ಮವಾಗಿ ಹೇಳಿದೆ, ಅರ್ಥವಾಗುವವರಿಗೆ ಅರ್ಥವಾಯಿತು ಎಂದು ಹೆಂಡತಿಯ ಹತ್ತಿರ ಜಂಬ ಕೂಡ ಕೊಚ್ಚಿದ್ದೆ. ಅವಳು “ಹೌದಾ” ಎಂದಿದ್ದಳು, ಅಷ್ಟೇ.

ಇನ್ನೊಂದು. ಇದನ್ನು ಬರೆಯಬೇಕೆಂದು ಕೂತದ್ದಲ್ಲ. ಡಿಸೆಂಬರಿನಲ್ಲಿ ನೀನು ಬರುತ್ತೇನೆ ಎಂದೆ, ನಮ್ಮಲ್ಲೇ ಉಳಿ ಎಂದು ನಾನು ಹೇಳಿದೆ. ಗೇಟಿನಲ್ಲಿ ವಾಚ್‌ಮನ್ ಪುಸ್ತಕದಲ್ಲಿ ಬಂದವರ ಹೆಸರು ಬರೆಸಿಕೊಳ್ಳುತ್ತಾರೆ. ಮೊನ್ನೆ ರಾತ್ರಿ, ಸುಮ್ನೆ ಮಲಗಿದ್ದಾಗ, ಇವನಿಗೆ ಹಂಪನಕಟ್ಟೆಯಲ್ಲಿ ಒಂದು ಒಳ್ಳೆ ರೂಮ್ ಮಾಡಿದರೆ ಹೇಗೆ, ಅವನಿಗೂ ಆರಾಮ ಎಂದು ನನಗೆ ಅನಿಸಿತು. ನಿಮ್ಮ ಉಮ್ಮ ಮಾಡಿದ ಪಿಂಡಿಯನ್ನು ನಿನಗಿಂತ ಜಾಸ್ತಿ ತಿಂದವನಿಗೆ ಅನಿಸಿತು.

ಸಾಕು. ಮಧ್ಯರಾತ್ರಿ ಮೂರು ಗಂಟೆ ಹೊತ್ತು ಸಿನಿಮಾ ನೋಡಿ ಗ್ಯಾಸ್ ಆಗಿದೆ, ಅದರದ್ದೇ ಇದೆಲ್ಲ. ಈ ವಯಸ್ಸಿನಲ್ಲಿ ಗೋಳಿಬಜೆ ತಿಂದು ಇತಿಹಾಸ ನೋಡಬಾರದು. ಗ್ರೂಪಿನವರು ಇದನ್ನು ಓದುತ್ತಾರೆ, ಗೊತ್ತುಂಟು. ನಾಳೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತೇನೆ, ಡಾಕ್ಟರೂ ಅದನ್ನೇ ಹೇಳಿದ್ದಾರೆ.

ನೀನು ಬರುವಾಗ ಚಾಕಲೇಟು ಬೇಡ, ಸಕ್ಕರೆ ಉಂಟು. ನನ್ನ ಮೊಣಕಾಲಿಗೆ ಆ ನೀಲಿ ಡಬ್ಬಿಯ ಮುಲಾಮು ತಾ. ನಮ್ಮಲ್ಲೇ ಉಳಿಯುವುದು, ಚರ್ಚೆ ಇಲ್ಲ. ಪುಸ್ತಕದಲ್ಲಿ ಹೆಸರು ನೀನೇ ಬರಿ, ಪೂರ್ತಿ, ಇನಿಶಿಯಲ್ ಸಮೇತ, ಓದಲು ಬರುವ ಅಕ್ಷರದಲ್ಲಿ. ಮಂಚ ಸಣ್ಣದು, ಫ್ಯಾನು ಕಿರಿಕಿರಿ ಮಾಡುತ್ತದೆ. ಆಮೇಲೆ ನಿನ್ನ ಗೊರಕೆಯ ಬಗ್ಗೆ ಗ್ರೂಪಿನಲ್ಲಿ ಯಾರಾದರೂ ಆಕ್ಷೇಪ ಎತ್ತಿದರೆ, ಅವರ ಕೆಳಗೆ ಮೊದಲ ಸಹಿ ನನ್ನದು.

ಇತಿ,
ನಿನ್ನ ಗಂಟಲು